ಮನೆಮನೆಗೆ ನಡೆದ ಸಮಿತಿ: ಕಾಸರಗೋಡಿನ ಹಳ್ಳಿಗಳಲ್ಲಿ ಕನ್ನಡದ ರಾಜಕೀಯ

ನಮ್ಮ ಕಡೆ ಹಳ್ಳಿಯೆಂದರೆ ಘಟ್ಟದ ಮೇಲಿನ ಹಳ್ಳಿಯಂತಲ್ಲ. ಊರ ನಡುವೆ ಒಂದು ಚಾವಡಿ, ಅದರ ಸುತ್ತ ಸಾಲುಮನೆಗಳು ಎಂಬ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಒಂದು ಗುಡ್ಡದ ಬದಿಗೊಂದು ಮನೆ, ಅದರ ಕೆಳಗೆ ಅಡಿಕೆ ತೋಟ, ತೋಟ ದಾಟಿ ತೋಡು, ತೋಡಿನ ಸಂಕ ದಾಟಿ ಗದ್ದೆಯ ಹುಣಿಯ ಮೇಲೆ ನಡೆದರೆ ಇನ್ನೊಂದು ಮನೆ. ಇಂತಹ ನಾಡಿನಲ್ಲಿ ಒಂದು ರಾಜಕೀಯ ಸಂಘಟನೆಯನ್ನು ಕಟ್ಟುವುದೆಂದರೆ ಮೊದಲು ಕಾಲಿನ ಕೆಲಸ, ಆಮೇಲೆ ನಾಲಗೆಯ ಕೆಲಸ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕರ್ನಾಟಕ ಸಮಿತಿಯು ಬೆಳೆದುದೂ ಮುಂದೆ ಬಾಡಿದುದೂ ಹೇಗೆಂಬುದನ್ನು ನಮ್ಮ ಮಕ್ಕಳು ಮೊಮ್ಮಕ್ಕಳು ತಿಳಿದಿರಬೇಕೆಂಬ ಆಶಯದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ಕಥೆಯ ಬೇರು ಸಾಹಿತ್ಯದಲ್ಲಿದೆ ಎಂಬುದು ನಮಗೆ ಹೆಮ್ಮೆಯ ವಿಷಯ. 1948ರಲ್ಲಿ ತಿ. ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕಾಸರಗೋಡಿನಲ್ಲಿಯೇ ನೆರೆದಿತ್ತು. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಜೇಶ್ವರದ ಗೋವಿಂದ ಪೈಗಳು 1949ರಲ್ಲಿ ರಾಷ್ಟ್ರಕವಿ ಎಂಬ ಗೌರವವನ್ನು ಪಡೆದುದು ಆ ಮದರಾಸು ಸರಕಾರದಿಂದಲೇ. ಪೆರಡಾಲದ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಯಾಗಿ ಎಷ್ಟು ಪ್ರಸಿದ್ಧರೋ ಏಕೀಕರಣದ ಹೋರಾಟಗಾರರಾಗಿಯೂ ಅಷ್ಟೇ ಪ್ರಸಿದ್ಧರು. ಕವಿಗಳೂ ಅಧ್ಯಾಪಕರೂ ಮುಂದೆ ನಿಂತುದರಿಂದ ಈ ಚಳವಳಿಗೆ ಶಾಲೆಯೇ ಕಚೇರಿಯಾಯಿತು.

1953ರ ಕೊನೆಯಲ್ಲಿ ನೇಮಕಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಹೃದಯನಾಥ ಕುಂಜರೂ ಮತ್ತು ಕೆ. ಎಂ. ಪಣಿಕ್ಕರ್ ಇದ್ದರು. 1955ರ ಸೆಪ್ಟೆಂಬರಿನಲ್ಲಿ ಅವರು ಒಪ್ಪಿಸಿದ ವರದಿಯು ಕಾಸರಗೋಡು ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಸೇರಿಸಬೇಕೆಂದು ಹೇಳಿತು. ಇಲ್ಲಿನ ಕನ್ನಡಿಗರು ಕೇಳಿದ್ದು ತಾಲೂಕನ್ನು ಹೊಳೆಯ ಗೆರೆಯಿಂದ ಎರಡಾಗಿ ನೋಡಿರೆಂದು. ಆಯೋಗ ನೋಡಿದ್ದು ಒಂದೇ ಘಟಕವಾಗಿ. ಇಡೀ ತಾಲೂಕಿನ ಲೆಕ್ಕ ಹಿಡಿದರೆ ಮಲಯಾಳಿಗಳು ಹೆಚ್ಚು. ಹೊಳೆಯ ಉತ್ತರವನ್ನು ಬೇರೆಯಾಗಿ ಎಣಿಸಿದರೆ ಚಿತ್ರವೇ ಬೇರೆ. 1956ರ ನವೆಂಬರ್ 1ರಂದು ಕರ್ನಾಟಕದುದ್ದಕ್ಕೂ ಏಕೀಕರಣದ ದೀಪ ಹಚ್ಚಿದ ದಿನವೇ ನಾವು ಕೇರಳದವರಾದೆವು.

ಹೊಸ ರಾಜ್ಯದ ಮೊದಲ ಚುನಾವಣೆ ನಾಲ್ಕೇ ತಿಂಗಳಿಗೆ ಬಂತು. 1957ರಲ್ಲಿ ಮಂಜೇಶ್ವರ ಕ್ಷೇತ್ರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ನಿಂತು ಅವಿರೋಧವಾಗಿ ವಿಧಾನಸಭೆಗೆ ಆಯ್ಕೆಯಾದರು. ರಾಜ್ಯದಲ್ಲೆಲ್ಲ ಕಾಂಗ್ರೆಸ್ಸಿಗೂ ಕಮ್ಯುನಿಸ್ಟರಿಗೂ ತುರುಸಿನ ಸ್ಪರ್ಧೆ ನಡೆದಿದ್ದ ಆ ವರ್ಷ, ಗಡಿಯ ಈ ಮೂಲೆಯಲ್ಲಿ ಎದುರು ನಿಲ್ಲುವವರೇ ಇರಲಿಲ್ಲ. ಆಗ ನಮಗೆ ಏಳು ವರ್ಷ. ಚುನಾವಣೆಯ ಅರ್ಥ ತಿಳಿಯದು. ಆದರೆ ತಂದೆಯವರು ಸಂಜೆ ಗದ್ದೆಯಿಂದ ಬಂದು ಕೈಕಾಲು ತೊಳೆದು, ಒಂದು ಲೋಟ ಗಂಜಿತಿಳಿ ಕುಡಿದು, ಸೂಟೆ ಕಟ್ಟಿಕೊಂಡು ಮತ್ತೆ ಹೊರಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ತಾಯಿಯವರು ಕೇಳಿದರೆ "ಸಮಿತಿಗೆ" ಎಂಬ ಒಂದೇ ಮಾತು.

1960ರ ಮಧ್ಯಂತರ ಚುನಾವಣೆ ಸಂಘಟನೆಯ ನಿಜವಾದ ಪರೀಕ್ಷೆಯಾಯಿತು. ಅಲ್ಲಿಯವರೆಗೆ ದೇಶದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇರುತ್ತಿತ್ತು. ಚಿಹ್ನೆ ಅಂಟಿಸಿದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಒಂದೇ ಕಾಗದದಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರನ್ನೂ ಚಿಹ್ನೆಯನ್ನೂ ಅಚ್ಚುಹಾಕಿ, ಮತದಾರನೇ ಮುದ್ರೆಯೊತ್ತುವ ಪದ್ಧತಿಯನ್ನು ಸಾರ್ವತ್ರಿಕ ಚುನಾವಣೆಗೆ ತರುವ ಮೊದಲು ಕೇರಳ ಮತ್ತು ಒರಿಸ್ಸಾಗಳ ಮಧ್ಯಂತರ ಚುನಾವಣೆಗಳಲ್ಲಿ ಪ್ರಯೋಗಿಸಿದರು. ಹಾಗಾಗಿ ನಮ್ಮ ಅಜ್ಜಿಯಂದಿರು ಹೊಸ ಮತಪತ್ರಕ್ಕೆ ಮುದ್ರೆಯೊತ್ತಿದ ದೇಶದ ಮೊದಲಿಗರ ಸಾಲಿನಲ್ಲಿದ್ದರು. ಓದು ಬರಹ ಬಾರದ ಅವರಿಗೆ ಎಲ್ಲಿ ಒತ್ತಬೇಕು, ಶಾಯಿ ಪಕ್ಕದ ಚಿಹ್ನೆಗೆ ತಗಲದಂತೆ ಕಾಗದವನ್ನು ಹೇಗೆ ಮಡಚಬೇಕು ಎಂದು ಕಲಿಸುವವರಾರು? ಸಮಿತಿಯ ಅಭ್ಯರ್ಥಿಗಳು ಕಾಗದದ ಮೇಲೆ ಪಕ್ಷೇತರರು. ದೊಡ್ಡ ಪಕ್ಷಗಳಂತೆ ಅವರಿಗೆ ಕಾಯಂ ಚಿಹ್ನೆಯಿಲ್ಲ. ಪ್ರತಿ ಚುನಾವಣೆಗೂ ಹೊಸ ಚಿಹ್ನೆ, ಪ್ರತಿ ಮನೆಗೂ ಹೊಸ ಪಾಠ. ನಮ್ಮ ಜಗಲಿಯಲ್ಲಿ ತಂದೆಯವರು ಹಳೆಯ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಚೌಕಗಳನ್ನು ಬರೆದು, ಬೆಂಡೆಕಾಯಿಯ ತುಂಡನ್ನು ಶಾಯಿಗೆ ಅದ್ದಿ ಅಜ್ಜಿಯಿಂದ ಒತ್ತಿಸಿದ್ದರು. ಮೂರನೆಯ ಸಲ ಸರಿಯಾಗಿ ಒತ್ತಿದ ಅಜ್ಜಿ, "ಇಷ್ಟಕ್ಕೆ ಇಷ್ಟು ಗಲಾಟೆಯಾ?" ಎಂದರು. ಆ ಚುನಾವಣೆಯಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು.

ಈ ಸಂಘಟನೆಗೆ ಬಲ ಎಲ್ಲಿಂದ ಬಂತು? ಹಣದಿಂದಲ್ಲ. ಊರಿನಲ್ಲಿ ಮೊದಲೇ ಇದ್ದ ಕೂಟಗಳಿಂದ. ಶಾಲೆಯ ವಾರ್ಷಿಕೋತ್ಸವ, ದೇವಸ್ಥಾನದ ಆಯನ, ಯಕ್ಷಗಾನದ ಬಯಲಾಟ, ತಾಳಮದ್ದಳೆ: ಚದುರಿದ ಮನೆಗಳ ಜನ ಒಂದೆಡೆ ಸೇರುವ ಸಂದರ್ಭಗಳೇ ಇವು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ನಮ್ಮಲ್ಲಿ ಅನೇಕರ ಮನೆಮಾತು ತುಳು. ಕೆಲವರದು ಕೊಂಕಣಿ, ಕೆಲವರದು ಮರಾಟಿ, ಕೆಲವರದು ಬ್ಯಾರಿ, ಹವ್ಯಕರದು ಅವರದೇ ಕನ್ನಡ. ಇವರನ್ನೆಲ್ಲ ಒಂದು ಪಂಕ್ತಿಯಲ್ಲಿ ಕುಳ್ಳಿರಿಸಿದ್ದು ಶಾಲೆಯ ಕನ್ನಡ. ಆದುದರಿಂದ ಜನಗಣತಿಯ ಮನೆಮಾತಿನ ಕಲಮಿನಲ್ಲಿ ಕನ್ನಡ ಸಣ್ಣದಾಗಿ ಕಂಡರೂ ಊರಿನ ವ್ಯವಹಾರದಲ್ಲಿ ದೊಡ್ಡದಾಗಿತ್ತು. ಎಣಿಕೆಗೆ ಸಿಗದ ಈ ಬಲವನ್ನು ಎಣಿಕೆಗೆ ಸಿಗುವಂತೆ ಮಾಡುವುದೇ ಸಮಿತಿಯ ಜಾಣ್ಮೆಯಾಗಿತ್ತು. ಅದಕ್ಕೆ ಮತಪೆಟ್ಟಿಗೆಗಿಂತ ಒಳ್ಳೆಯ ಸಾಧನ ಬೇರೊಂದಿರಲಿಲ್ಲ.

1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. ಆಯೋಗದ ಕೆಲಸ ನಡೆಯುತ್ತಿರುವಾಗಲೇ 1967ರ ಚುನಾವಣೆ ಬಂದುದರಿಂದ ಇಲ್ಲಿ ಮತ ಹಾಕುವುದು ಸಾಕ್ಷಿ ನುಡಿಯುವುದಕ್ಕೆ ಸಮನಾಯಿತು. ಮಂಜೇಶ್ವರದಿಂದ ಮಹಾಬಲ ಭಂಡಾರಿಯವರೂ ಕಾಸರಗೋಡಿನಿಂದ ಯು. ಪಿ. ಕುಣಿಕುಳ್ಳಾಯರೂ ಗೆದ್ದರು. ಎರಡೂ ಕ್ಷೇತ್ರಗಳು ವಿಲೀನದ ಪರವಾಗಿ ನುಡಿದಂತಾಯಿತು. ಆ ವರ್ಷದ ಆಗಸ್ಟಿನಲ್ಲಿ ಬಂದ ಮಹಾಜನ ವರದಿಯು ಚಂದ್ರಗಿರಿಯ ಉತ್ತರ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಬಂಧುಗಳಿಗೂ ಅದೇ ವರದಿಯಲ್ಲಿ ನ್ಯಾಯದ ಭರವಸೆಯಿತ್ತು. ಆದರೆ ಕೇರಳ ಒಪ್ಪಲಿಲ್ಲ, ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಇಂದಿಗೂ ಕಾಗದದಲ್ಲಿಯೇ ಇದೆ.

ಮುಂದಿನ ಮಾತನ್ನು ಹೇಳಲು ನಮಗೆ ಸಂಕೋಚವಿದೆ. ಆದರೂ ಇತಿಹಾಸ ಬರೆಯುವವನು ತನಗೆ ಹಿತವಾದುದನ್ನು ಮಾತ್ರ ಬರೆಯಬಾರದು. 1970ರ ಚುನಾವಣೆಯಲ್ಲಿ ಮಂಜೇಶ್ವರವು ಸಮಿತಿಯ ಕೈಬಿಟ್ಟು ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನು ಆರಿಸಿತು. ಸಭೆಗಳಲ್ಲಿ ನಾವು ಇದನ್ನು ಕನ್ನಡದ ಸೋಲೆಂದು ಹೇಳುವುದುಂಟು. ರಾಮಪ್ಪನವರೂ ಈ ಮಣ್ಣಿನವರೇ, ಆರಿಸಿದವರೂ ನಮ್ಮವರೇ. ಹಾಗಾದರೆ ಮೂರು ವರ್ಷಗಳಲ್ಲಿ ಬದಲಾದುದೇನು?

ನಮ್ಮ ಮನೆಯಲ್ಲಿಯೇ ಉತ್ತರವಿತ್ತು. ತಂದೆಯವರು ಚಾಲಗೇಣಿಯ ಒಕ್ಕಲು. ಧಣಿಗಳು ಬೇಡವೆಂದರೆ ಗದ್ದೆಯಿಲ್ಲ, ಗದ್ದೆಯಿಲ್ಲದಿದ್ದರೆ ಮನೆಯೂ ಇಲ್ಲ. ಕೇರಳದ ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1970ರ ಜನವರಿ 1ರಿಂದ ಜಾರಿಗೆ ಬಂತು. ಗೇಣಿಪದ್ಧತಿಯೇ ಕೊನೆಗೊಂಡು, ಉಳುವ ಒಕ್ಕಲಿಗೆ ಭೂಮಿಯ ಹಕ್ಕು ಬಂತು. ಗಡಿಯಾಚೆ, ಅಂದರೆ ನಾವು ಸೇರಬಯಸಿದ್ದ ರಾಜ್ಯದಲ್ಲಿ, ಅಂಥ ಕಾನೂನು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಬಂತು. ಆ ನಡುವಿನ ನಾಲ್ಕು ವರ್ಷಗಳಲ್ಲಿ ಒಬ್ಬ ಒಕ್ಕಲಿಗೆ ಭಾಷೆಯ ರಾಜ್ಯ ಯಾವುದು, ಅನ್ನದ ರಾಜ್ಯ ಯಾವುದು ಎಂಬ ಪ್ರಶ್ನೆ ಏಳದೆ ಇರುತ್ತದೆಯೆ? ಸಮಿತಿಯ ಮುಂದಾಳುಗಳಲ್ಲಿ ಭೂಮಿಯುಳ್ಳವರೂ ಇದ್ದರು, ಒಕ್ಕಲುಗಳೂ ಇದ್ದರು. ಗಡಿಯ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ. ಗೇಣಿಯ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯವಿರಲಿಲ್ಲ. ಒಂದೇ ಬೇಡಿಕೆಯ ಸಂಘಟನೆಗೆ ಬರುವ ಕಷ್ಟವೇ ಇದು.

ಆ ಚುನಾವಣೆಯಂದು ತಂದೆಯವರು ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದರು. ಮತ ಹಾಕುವ ಪ್ರಾಯ ಆಗ 21, ನಮಗಿನ್ನೂ ಇಪ್ಪತ್ತು. ಅವರು ಹೋಗಿ ಬಂದರು. ಯಾರಿಗೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೆ ಮರುವರ್ಷ ನಮ್ಮನ್ನು ಅಧ್ಯಾಪಕ ತರಬೇತಿಗೆ ಕಳುಹಿಸುವಾಗ, "ಕನ್ನಡ ಶಾಲೆಗೇ ಹೋಗು" ಎಂದು ಮಾತ್ರ ಹೇಳಿದರು. ಅವರೊಳಗೆ ಸಮಿತಿ ಸತ್ತಿರಲಿಲ್ಲ. ಅದು ಗಡಿಯಿಂದ ಶಾಲೆಗೆ ಸ್ಥಳಾಂತರಗೊಂಡಿತ್ತು ಎಂದು ನಮಗೆ ಈಗ ಅನಿಸುತ್ತದೆ.

ಕಾಸರಗೋಡಿನ ಕನ್ನಡ ರಾಜಕೀಯವೂ ಒಟ್ಟಾರೆ ಇದೇ ದಾರಿಯಲ್ಲಿ ಸಾಗಿತು. ನಮ್ಮವರು ಬೇರೆಬೇರೆ ಪಕ್ಷಗಳಿಗೆ ಹಂಚಿಹೋದರು. ಮಂಜೇಶ್ವರದಿಂದ ಗೆದ್ದ ಡಾ. ಎ. ಸುಬ್ಬರಾಯರು 1980ರ ನಾಯನಾರ್ ಮಂತ್ರಿಮಂಡಲದಲ್ಲಿ ನೀರಾವರಿ ಸಚಿವರಾದರು. 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. 2021ರಲ್ಲಿ ಮುಸ್ಲಿಂ ಲೀಗಿನಿಂದ ಗೆದ್ದ ಎ. ಕೆ. ಎಂ. ಅಶ್ರಫರು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಯಾವ ಪಕ್ಷದವರು ಗೆದ್ದರೂ ಕನ್ನಡವನ್ನು ಮರೆಯಲಾಗದೆಂಬ ಸ್ಥಿತಿಯನ್ನು ಉಳಿಸಿಕೊಂಡುದು ಸಣ್ಣ ಸಾಧನೆಯಲ್ಲ.

ನಮ್ಮ ಕೈಯಲ್ಲಿರುವ ಆಯುಧಗಳನ್ನೂ ನೆನಪಿಡೋಣ. ನಮ್ಮನ್ನು ಕೇರಳಕ್ಕೆ ಸೇರಿಸಿದ ದಿನವೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂತು. ಅದು ಸೇರಿಸಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು ಪ್ರತಿ ರಾಜ್ಯಕ್ಕೂ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ನಾವು ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ, ಒಂದು ಶಾಲೆಯ ಕನ್ನಡ ಮಾಧ್ಯಮದ ತರಗತಿಗೆ ಕನ್ನಡವೇ ಬಾರದ ಅಧ್ಯಾಪಕರೊಬ್ಬರು ಬಂದರು. ತಪ್ಪು ಅವರದಲ್ಲ, ಅವರೂ ಮಕ್ಕಳಷ್ಟೇ ಕಂಗಾಲಾಗಿದ್ದರು. ರಕ್ಷಕರು ಮುಷ್ಕರ ಹೂಡಲು ಹೊರಟಾಗ ನಾವು ಕನ್ನಡದಲ್ಲಿಯೇ ಒಂದು ಅರ್ಜಿ ಬರೆಯಿಸಿದೆವು. ಉತ್ತರ ಮಲಯಾಳದಲ್ಲಿ ಬಂತು. ಕಾನೂನಿನ ಹೆಸರನ್ನೂ ವರ್ಷವನ್ನೂ ಸೂಚಿಸಿ, ಕನ್ನಡದಲ್ಲಿ ಉತ್ತರಿಸಬೇಕೆಂದು ಹಿಂದಕ್ಕೆ ಕಳುಹಿಸಿದೆವು. ಎರಡು ತಿಂಗಳ ಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಉತ್ತರ ಬಂತು. ಅದರಲ್ಲಿ ಅಕ್ಷರದೋಷಗಳು ಐದಿದ್ದವು. ಮುಂದಿನ ಜೂನಿನಲ್ಲಿ ಕನ್ನಡ ಬಲ್ಲ ಅಧ್ಯಾಪಕರು ಬಂದರು. ನಮ್ಮ ಸೇವಾಜೀವನದಲ್ಲಿ ಇದಕ್ಕಿಂತ ಸಂತೋಷದ ದಿನಗಳು ಹೆಚ್ಚಿಲ್ಲ.

ಕೊನೆಗೊಂದು ಲೆಕ್ಕ. 2016ರಲ್ಲಿ ಮಂಜೇಶ್ವರದ ಫಲಿತಾಂಶ ತೀರ್ಮಾನವಾದುದು 89 ಮತಗಳಿಂದ. ಯಾರು ಗೆದ್ದರು, ಯಾರು ಸೋತರು ಎಂಬುದು ಇಲ್ಲಿ ವಿಷಯವಲ್ಲ. ನಾವು ಯೋಚಿಸಿದ್ದು ಇಷ್ಟೆ: ಒಂದು ಕಿರಿಯ ಪ್ರಾಥಮಿಕ ಶಾಲೆಯ ಎರಡು ತರಗತಿಗಳ ಮಕ್ಕಳ ತಂದೆತಾಯಿಯರು ಸೇರಿದರೆ ಅಷ್ಟು ಮತಗಳಾಗುತ್ತವೆ. ಅವರೆಲ್ಲರೂ ಒಂದೇ ಪಕ್ಷಕ್ಕೆ ಮತ ಹಾಕಬೇಕಾಗಿಲ್ಲ. ಮನೆಗೆ ಬರುವ ಪ್ರತಿ ಅಭ್ಯರ್ಥಿಯನ್ನೂ ಜಗಲಿಯಲ್ಲಿ ಕುಳ್ಳಿರಿಸಿ, ನೀರು ಬೆಲ್ಲ ಕೊಟ್ಟು, "ನಮ್ಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಯಾವಾಗ ಬರುತ್ತಾರೆ?" ಎಂದು ಒಂದೇ ಪ್ರಶ್ನೆ ಕೇಳಿದರೆ ಸಾಕು. ಆದರೆ ಆ ಪ್ರಶ್ನೆ ಕೇಳಬೇಕಾದರೆ ನಮ್ಮ ಮಗು ಆ ಶಾಲೆಯಲ್ಲಿರಬೇಕು. ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ವಾಹನಕ್ಕೆ ಹತ್ತಿಸಿ ಕನ್ನಡದ ಸಭೆಗೆ ಬರುವ ನಮ್ಮನ್ನು ಯಾವ ಅಭ್ಯರ್ಥಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಂದೆಯವರು ಸೂಟೆ ಹಿಡಿದು ನಡೆದ ಆ ಹುಣಿಗಳ ಮೇಲೆ ಈಗ ಕಾಂಕ್ರೀಟ್ ರಸ್ತೆ ಬಂದಿದೆ. ಮನೆಯಿಂದ ಮನೆಗೆ ಎರಡು ನಿಮಿಷದ ದಾರಿ. ಸಮ್ಮೇಳನ ಮುಗಿಸಿ ಊರಿಗೆ ಮರಳಿದ ಮೇಲೆ, ಬರುವ ಜೂನಿಗೆ ಮೊದಲು, ನಾವೆಲ್ಲರೂ ನಮ್ಮ ನಮ್ಮ ವಾರ್ಡಿನ ಹತ್ತು ಮನೆಗಳ ಮೆಟ್ಟಿಲನ್ನಾದರೂ ಹತ್ತಿಬರೋಣ.