ಮೊಲೊಕಾಯಿಯ ಡೇಮಿಯನ್ ಪಾದ್ರಿಗಳು

ಪೆಸಿಫಿಕ್ ಸಾಗರದ ಹವಾಯಿ ರಾಜ್ಯವು 1865ರ ಕಾಯಿದೆಯ ಮೇರೆಗೆ ಕುಷ್ಠರೋಗಿಗಳನ್ನು ಹೆಂಡಿರು ಮಕ್ಕಳಿಂದ ಅಗಲಿಸಿ, ಮರುವರ್ಷದಿಂದ ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸತೊಡಗಿತು. ಅಲ್ಲಿ ಮೂರು ಕಡೆ ಕಡಲು, ನಾಲ್ಕನೆಯ ಕಡೆ ಕಡಿದಾದ ಬೆಟ್ಟ.

ಆ ನೆಲದಲ್ಲಿ 1873ರ ಮೇ 10ರಂದು ತಾವಾಗಿಯೇ ಬಂದಿಳಿದವರು ಬೆಲ್ಜಿಯಂ ದೇಶದ ರೈತಾಪಿ ಮನೆತನದ ಡೇಮಿಯನ್ ಪಾದ್ರಿಗಳು. ವಯಸ್ಸು 33. ಹವಾಯಿಗೆ ಬರಬೇಕಾಗಿದ್ದವರು ಅವರ ಅಣ್ಣ. ಅವರು ಕಾಯಿಲೆ ಬೀಳಲು, ಕರೆಯನ್ನು ತಮ್ಮನು ಹೊತ್ತುಕೊಂಡು 1863ರಲ್ಲಿ ಹಡಗನ್ನೇರಿದ್ದರು.

ಮೊಲೊಕಾಯಿಯಲ್ಲಿ ಮೊದಮೊದಲು ಮರದ ಬುಡವೇ ಅವರ ಬಿಡಾರ. ಅವರು ವೈದ್ಯರಲ್ಲ, ಆದರೂ ಹುಣ್ಣುಗಳನ್ನು ತೊಳೆದು ಕಟ್ಟಿದರು, ಮನೆಗಳನ್ನೆಬ್ಬಿಸಿದರು, ಕೊಳವೆಯಿಂದ ನೀರು ತರಿಸಿದರು, ಸತ್ತವರಿಗೆ ಪೆಟ್ಟಿಗೆ ಮಾಡಿ ಕುಣಿ ತೋಡಿದರು.

ವ್ಯಾಕರಣ ಕಲಿಸುವ ನಮ್ಮ ಮನಸ್ಸನ್ನು ಸೆಳೆಯುವುದು ಅವರ ಒಂದು ಸರ್ವನಾಮ. ಉಪದೇಶದಲ್ಲಿ ‘ಸೋದರರೇ’ ಎನ್ನದೆ ‘ಕುಷ್ಠರೋಗಿಗಳಾದ ನಾವು’ ಎನ್ನುವುದಾಗಿ ಅವರು ಅದೇ 1873ರಲ್ಲಿ ಅಣ್ಣನಿಗೆ ಬರೆದರು. ನೆರೆಯ ತೆಲುಗಿನಲ್ಲಿ ‘ಮೇಮು’, ‘ಮನಮು’ ಎಂದು ಎರಡಿವೆಯಷ್ಟೆ. ಕೇಳುವವರನ್ನೂ ಒಳಗೊಂಡ ‘ಮನಮು’ ಇದು. ರೋಗ ತಗಲಿದ ಮೇಲೆ ಹುಟ್ಟಿದ ಮಾತಲ್ಲ. ಕಾದ ನೀರಿನಲ್ಲಿಟ್ಟ ಕಾಲಿಗೆ ಬಿಸಿ ತಿಳಿಯದೆ ಹೋದುದು 1884ರ ಡಿಸೆಂಬರಿನಲ್ಲಿ, ಹನ್ನೊಂದು ವರ್ಷಗಳ ತರುವಾಯ.

ಆಮೇಲೂ ಕೆಲಸ ನಿಲ್ಲಲಿಲ್ಲ. 1888ರಲ್ಲಿ ಮರಿಯಾನ್ ಕೋಪ್ ಎಂಬ ಸಂನ್ಯಾಸಿನಿ ಸಂಗಡಿಗರೊಡನೆ ಅಲ್ಲಿಗೆ ಬಂದರು. 1889ರ ಏಪ್ರಿಲ್ 15ರಂದು, ತಮ್ಮ 49ನೆಯ ವಯಸ್ಸಿನಲ್ಲಿ, ಡೇಮಿಯನ್ ತೀರಿಕೊಂಡರು. ಅವರು ಮೊಲೊಕಾಯಿಗೆ ಬಂದ ವರ್ಷವೇ ನಾರ್ವೆಯ ಹ್ಯಾನ್ಸೆನ್ ಈ ರೋಗದ ಅಣುಜೀವಿಯನ್ನು ಕಂಡುಹಿಡಿದಿದ್ದನು. ಗುಣಪಡಿಸುವ ಔಷಧ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ರೋಗಿಗಳನ್ನು ಗಡೀಪಾರು ಮಾಡುವ ಕಾನೂನು ಹವಾಯಿಯಲ್ಲಿ ರದ್ದಾದುದು 1969ರಲ್ಲಿ.