ನೀಯಾ: ಮರಳು ಕಾಯ್ದ ಊರು

ಮರಳು ಮುಚ್ಚಿದ ಊರೆಂದರೆ ನಮ್ಮ ಕಡೆಯವರಿಗೆ ತಲಕಾಡು ನೆನಪಾಗುವುದು ಸಹಜ. ಆದರೆ ತಲಕಾಡಿನ ಮಗ್ಗುಲಲ್ಲಿ ಕಾವೇರಿ ಹರಿಯುತ್ತಾಳೆ. ಪಂಚಲಿಂಗ ದರ್ಶನದ ಕಾಲಕ್ಕೆ ಜನರು ತಂಡತಂಡವಾಗಿ ಅಲ್ಲಿಗೆ ಹೋಗುತ್ತಾರೆ. ನಾವು ಈಗ ಹೇಳಹೊರಟಿರುವ ಊರಿಗೆ ಹೊಳೆಯೂ ಉಳಿಯಲಿಲ್ಲ, ಒಕ್ಕಲೂ ಉಳಿಯಲಿಲ್ಲ. ಚೀನಾ ದೇಶದ ಪಶ್ಚಿಮದ ಅಂಚಿನಲ್ಲಿ, ಕುನ್‌ಲುನ್ ಪರ್ವತಗಳ ಉತ್ತರಕ್ಕೆ, ತಕ್ಲಮಕಾನ್ ಎಂಬ ದೊಡ್ಡ ಮರುಭೂಮಿ ಹಬ್ಬಿದೆ. ಅದರ ದಕ್ಷಿಣದ ಅಂಚಿನಲ್ಲಿ ನೀಯಾ ಎಂಬ ಸಣ್ಣ ಊರೊಂದುಂಟು. ಅಲ್ಲಿಂದ ಉತ್ತರಕ್ಕೆ, ಮರಳೊಳಗೆ ನೂರು ಕಿಲೋಮೀಟರುಗಳಷ್ಟು ದೂರದಲ್ಲಿ, ಕ್ರಿಸ್ತಶಕ ನಾಲ್ಕನೆಯ ಶತಮಾನದ ಸುಮಾರಿಗೆ ಜನರು ಬಿಟ್ಟುಹೋದ ಹಳೆಯ ನೀಯಾ ಪಟ್ಟಣದ ಹಾಳುಗಳಿವೆ. ಈ ಸ್ಥಳಕ್ಕೆ ಒಬ್ಬರೇ ವಿದ್ವಾಂಸರು 30 ವರ್ಷಗಳ ಅವಧಿಯಲ್ಲಿ ನಾಲ್ಕು ಸಲ ಹೋದರು. ಒಮ್ಮೆ ಅಗೆದು ನೋಡಿದ ಮೇಲೆ ಅವರನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆದುದು ಯಾವುದು? ಊರಿನವರು ಮಾತ್ರ ಒಮ್ಮೆಯೂ ಏಕೆ ಹಿಂದಿರುಗಲಿಲ್ಲ? ಇವೆರಡನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ.

ಆ ವಿದ್ವಾಂಸರು ಆರೆಲ್ ಸ್ಟೈನ್. 1862ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿ, ಸಂಸ್ಕೃತವನ್ನು ಕಲಿತು, ಲಾಹೋರಿನ ಓರಿಯಂಟಲ್ ಕಾಲೇಜಿಗೆ ಮುಖ್ಯಸ್ಥರಾಗಿ ಬಂದವರು. ಕಲ್ಹಣನ ರಾಜತರಂಗಿಣಿಯನ್ನು ಸಂಶೋಧಿಸಿ ಪ್ರಕಟಿಸಿ, ಇಂಗ್ಲಿಷಿಗೆ ತಂದವರೂ ಅವರೇ. ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನ ಪ್ರವಾಸ ಕಥನವೆಂದರೆ ಅವರಿಗೆ ಕೈದೀವಿಗೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿರುವ ಆ ಭಿಕ್ಷುವನ್ನು ನಾವು ಬಲ್ಲೆವು. ಆತನು ತಾಯ್ನಾಡಿಗೆ ಹಿಂದಿರುಗುವಾಗ ಖೋತಾನ್ ರಾಜ್ಯದ ಮೇಲೆ, ಈ ಮರಳ ದಾರಿಯಲ್ಲಿಯೇ ನಡೆದುಹೋದನು. ಅರ್ಹಂತನೊಬ್ಬನನ್ನು ಅವಮಾನಪಡಿಸಿದ ತಪ್ಪಿಗೆ ಮರಳಿನ ಮಳೆ ಸುರಿದು ಒಂದು ಪಟ್ಟಣವೇ ಹೂತುಹೋಯಿತೆಂದೂ, ಅದರ ನಿಧಿಯನ್ನು ಅಗೆಯಲು ಹೋದವರಿಗೆ ಬಿರುಗಾಳಿಯೆದ್ದು ದಾರಿ ತಪ್ಪುತ್ತಿತ್ತೆಂದೂ ಒಂದು ಕಥೆಯನ್ನು ಆತನು ಬರೆದಿಟ್ಟಿದ್ದಾನೆ. ಶಾಪದ ಕಥೆ ಇಲ್ಲದ ಹಾಳೂರು ಯಾವ ದೇಶದಲ್ಲಿಯೂ ಇರಲಾರದೆಂದು ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಖೋತಾನಿನ ಕಡೆಯಿಂದ ಕಾಷ್ಗರಿಗೆ ವಿಚಿತ್ರವಾದ ಹಳೆಯ ಪುಸ್ತಕಗಳು ಮಾರಾಟಕ್ಕೆ ಬರಲಾರಂಭಿಸಿದವು. ಅವುಗಳಲ್ಲಿ ಕೆಲವು ನಿಜವಾದ ಪ್ರಾಚೀನ ಪ್ರತಿಗಳು. ಮತ್ತೆ ಕೆಲವು ಯಾರೂ ಓದಲಾರದ ಲಿಪಿಯವು. ಕಲ್ಕತ್ತೆಯಲ್ಲಿ ಹೊರ್ನ್ಲೆ ಎಂಬ ದೊಡ್ಡ ಪಂಡಿತರು ಇವುಗಳನ್ನು ಓದಲು ಬಹಳ ಶ್ರಮಪಟ್ಟು, 1899ರಲ್ಲಿ ವರದಿಯೊಂದನ್ನೂ ಅಚ್ಚುಹಾಕಿಸಿದರು. ಸ್ಟೈನರಿಗೆ ಮೊದಲಿನಿಂದ ಸಂಶಯವಿದ್ದಿತು. 1901ರ ವಸಂತಕಾಲದಲ್ಲಿ ಅವರು ಖೋತಾನಿನಲ್ಲಿ ಇಸ್ಲಾಂ ಆಖುನ್ ಎಂಬುವನನ್ನು ಎದುರಿಗೆ ನಿಲ್ಲಿಸಿ ವಿಚಾರಿಸಿದಾಗ ಗುಟ್ಟು ಹೊರಬಿದ್ದಿತು. ಊರಿನ ಕಾಗದಕ್ಕೆ ಮರದ ಅಂಟಿನಿಂದ ಬಣ್ಣ ಕಟ್ಟಿ, ಮನಸ್ಸಿಗೆ ಬಂದ ಗೀಟುಗಳನ್ನು ಅದರ ಮೇಲೆ ಒತ್ತಿ, ಒಲೆಯ ಹೊಗೆಗೆ ಹಿಡಿದು ಹಳೆಯದು ಮಾಡಿ, ಆತನು ವಿದ್ವಲ್ಲೋಕಕ್ಕೆ ಅದನ್ನು ಉಣಬಡಿಸಿದ್ದನು. ಪಂಡಿತರನ್ನು ಇಷ್ಟು ಕಾಲ ಏಮಾರಿಸಿದವನ ಜಾಣತನಕ್ಕೆ ನಗಬೇಕೋ ಅಳಬೇಕೋ ತಿಳಿಯದು. ಕಥೆಯ ಮರ್ಮ ಇಷ್ಟೆ: ಪೇಟೆಯಲ್ಲಿ ಕೊಂಡ ವಸ್ತುವಿಗೂ ಮಣ್ಣಿನಲ್ಲಿ ಇದ್ದ ಕಡೆಯಲ್ಲಿಯೇ ಕಂಡ ವಸ್ತುವಿಗೂ ಅಜಗಜಾಂತರ. ತಾವೇ ಹೋಗಿ ಅಗೆದು ನೋಡಬೇಕೆಂಬ ಸ್ಟೈನರ ಹಟಕ್ಕೆ ಇದೇ ಕಾರಣವಾಗಿದ್ದಿತು.

ಆ ವಿಚಾರಣೆಗೆ ಮೂರು ತಿಂಗಳು ಮೊದಲು, 1901ರ ಜನವರಿಯಲ್ಲಿ, ಅವರು ನೀಯಾ ಊರಿಗೆ ಬಂದಿದ್ದರು. ಅವರ ಒಂಟೆಯ ಆಳು ಅಲ್ಲಿನವನೊಬ್ಬನ ಕೈಯಲ್ಲಿ ಬರಹವಿದ್ದ ಎರಡು ಹಲಗೆಗಳನ್ನು ಕಂಡು ತಂದನು. ನೋಡಿದರೆ ಅವು ಖರೋಷ್ಠಿ ಲಿಪಿಯವು! ಹಲಗೆಗಳನ್ನು ಮೊದಲು ತಂದವನು ಇಬ್ರಾಹಿಂ ಎಂಬ ಎಳೆಯ ವಯಸ್ಸಿನ ಗಿರಣಿಯವನು. ನಿಧಿ ಹುಡುಕಲು ಹಾಳು ಮನೆಯೊಂದನ್ನು ಕೆದಕಿ, ಹೊನ್ನು ಸಿಕ್ಕದೆ, ಈ ಹಲಗೆಗಳನ್ನು ಎತ್ತಿಕೊಂಡು ಬಂದಿದ್ದನು. ಕೆಲವನ್ನು ದಾರಿಯಲ್ಲಿ ಬಿಸಾಡಿ, ಉಳಿದವನ್ನು ಮಕ್ಕಳಿಗೆ ಆಡಲು ಕೊಟ್ಟನು. ಮಕ್ಕಳು ಅವುಗಳನ್ನು ಹಾಳುಮಾಡಿದವು. ದಾರಿಯಲ್ಲಿ ಬಿದ್ದುದನ್ನು ಎತ್ತಿಟ್ಟುಕೊಂಡಿದ್ದವನಿಗೆ ಸ್ಟೈನರು ಬಹುಮಾನ ಕೊಟ್ಟಾಗ ಇಬ್ರಾಹಿಮನ ಮುಖ ಸಪ್ಪಗಾಯಿತಂತೆ. ದಾರಿ ತೋರಿಸಲು ಮಾತ್ರ ಅವನೇ ಒಪ್ಪಿದನು.

ಇಮಾಮ್ ಜಾಫರ್ ಸಾದಿಕನ ಗೋರಿಯನ್ನು ದಾಟಿದ ಮೇಲೆ ಹೊಳೆಯಿಲ್ಲ. ಚಳಿಗಾಲವಾದುದರಿಂದ ಕುಡಿಯುವ ನೀರನ್ನು ಮಂಜುಗಡ್ಡೆಯಾಗಿಯೇ ಚೀಲಗಳಲ್ಲಿ ತುಂಬಿ ಒಂಟೆಗಳ ಮೇಲೆ ಹೇರಿದರು. ದಿಬ್ಬಗಳ ನಡುವೆ ಮೊದಲು ಒಣಗಿ ನಿಂತ ಮರಗಳು, ಆಮೇಲೆ ಮನೆಗಳ ಮರದ ಕಂಬಗಳು ಕಾಣಬಂದವು. ಹಣ್ಣಿನ ತೋಟಗಳು ಸಾಲುಸಾಲಾಗಿ ಸತ್ತು ನಿಂತಿದ್ದವು. ಎರಡು ಬೇಲಿಗಳ ನಡುವಣ ಓಣಿಯಲ್ಲಿ ನಡೆದರೆ ನೂರಾರು ವರ್ಷಗಳ ಹಿಂದೆ ಉದುರಿದ ಎಲೆಗಳು ಕಾಲಡಿ ಸದ್ದು ಮಾಡುತ್ತಿದ್ದವು. ಮನೆಗಳೊಳಗೆ ಕೆತ್ತನೆಯ ಕುರ್ಚಿ, ಇಲಿ ಹಿಡಿಯುವ ಬೋನು, ತಂತಿವಾದ್ಯದ ತುಂಡು ಇದ್ದವು. ಕಸದ ತಿಪ್ಪೆಯೊಂದನ್ನು ಕೆದಕಿದಾಗ ಅಷ್ಟು ಶತಮಾನಗಳ ಮೇಲೂ ನಾತ ಮೂಗಿಗೆ ಹೊಡೆಯಿತೆಂದು ಸ್ಟೈನರು ಬರೆದಿದ್ದಾರೆ. ಆ ತಿಪ್ಪೆಯಲ್ಲಿಯೇ ಹಲಗೆಗಳು ನೂರರ ಲೆಕ್ಕದಲ್ಲಿ ದೊರೆತವು. ಚೀನೀ ಭಾಷೆಯ ಒಂದು ಪಟ್ಟಿಯಲ್ಲಿ ಕ್ರಿಸ್ತಶಕ 269ಕ್ಕೆ ಸರಿಯಾದ ವರ್ಷದ ಉಲ್ಲೇಖವಿದ್ದುದರಿಂದ ಕಾಲವೂ ಗೊತ್ತಾಯಿತು.

ಈ ಹಲಗೆಗಳು ನಮ್ಮ ತಾಳೆಯೋಲೆ, ಕಡತಗಳಂತಹ ಸಾಮಾನ್ಯ ದಫ್ತರವೇ. ಎರಡು ಹಲಗೆಗಳನ್ನು ಒಂದರ ಮೇಲೊಂದು ಕೂಡುವಂತೆ ಕೆತ್ತಿ, ಒಳಮೈಗಳಲ್ಲಿ ಬರೆದು, ಮೇಲೆ ಗೀರಿದ ಕಾಲುವೆಗಳಲ್ಲಿ ದಾರ ಸುತ್ತಿ, ಕುಳಿಯಲ್ಲಿ ಜೇಡಿಮಣ್ಣು ತುಂಬಿ ಮುದ್ರೆಯೊತ್ತುತ್ತಿದ್ದರು. ದಾರವನ್ನು ಕತ್ತರಿಸದೆ ಒಳಗಿನ ಬರಹವನ್ನು ತಿದ್ದುವಂತಿಲ್ಲ. ಆ ಮುದ್ರೆಗಳಲ್ಲಿ ಗ್ರೀಕರ ದೇವತೆ ಅಥೀನೆಯ ಆಕೃತಿಯೂ ಇದ್ದಿತು! ಒಂದು ಹಲಗೆಯ ಮೇಲಂತೂ ಚೀನೀ ಅಧಿಕಾರಿಯ ಮುದ್ರೆಯ ಮಗ್ಗುಲಲ್ಲಿ ಪಾಶ್ಚಾತ್ಯ ರೀತಿಯ ಮುಖವೊಂದು ಒತ್ತಲ್ಪಟ್ಟಿದೆ.

ಲಿಪಿ ಬಲದಿಂದ ಎಡಕ್ಕೆ ಹರಿಯುವ ಖರೋಷ್ಠಿ. ಭಾಷೆ ಗಾಂಧಾರ ಸೀಮೆಯ ಪ್ರಾಕೃತ. ಈ ಲಿಪಿ ನಮ್ಮ ನೆಲಕ್ಕೂ ತೀರ ಅಪರಿಚಿತವಲ್ಲ. ಚಿತ್ರದುರ್ಗ ಸೀಮೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ 1892ರಲ್ಲಿ ರೈಸ್ ಅವರು ಪತ್ತೆಮಾಡಿದ ಅಶೋಕನ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿವೆಯಷ್ಟೆ. ಅವುಗಳನ್ನು ಬರೆದ ಚಪಡನು ಕೊನೆಯಲ್ಲಿ ತನ್ನ ವೃತ್ತಿಯನ್ನು ಸೂಚಿಸುವ ‘ಲಿಪಿಕರೇಣ’ ಎಂಬ ಒಂದೇ ಮಾತನ್ನು ಖರೋಷ್ಠಿಯಲ್ಲಿ ಗೀಚಿದ್ದಾನೆ. ವಾಯವ್ಯ ಪ್ರಾಂತದಲ್ಲಿ ಕಲಿತ ಕೈಬರಹದ ಗುರುತದು. ಬ್ರಹ್ಮಗಿರಿಯ ಬಂಡೆಯ ಮೇಲೆ ಒಂದು ಮಾತಾಗಿ ಉಳಿದ ಆ ಲಿಪಿ, ಸುಮಾರು ಐದುನೂರು ವರ್ಷಗಳ ಅನಂತರ ಹಿಮಾಲಯದ ಆಚೆ ಒಂದು ರಾಜ್ಯದ ಕಛೇರಿಯನ್ನೇ ನಡೆಸುತ್ತಿದ್ದಿತು.

ಬೋಯೆ, ರ‍್ಯಾಪ್ಸನ್, ಸೆನಾರ್ ಮೊದಲಾದ ವಿದ್ವಾಂಸರು 1920ರಿಂದ 1929ರ ವರೆಗೆ ಸ್ಟೈನರು ತಂದ 764 ಬರಹಗಳನ್ನು ಓದಿ ಪ್ರಕಟಿಸಿದರು. 1940ರಲ್ಲಿ ಬರೋ ಅವರು ಅನುವಾದವನ್ನು ಕೊಟ್ಟರು. ಎಮಿನೋ ಅವರೊಡನೆ ಕೂಡಿ ದ್ರಾವಿಡ ಭಾಷೆಗಳ ನಿಷ್ಪತ್ತಿಕೋಶವನ್ನು 1961ರಲ್ಲಿ ಹೊರತಂದ ಬರೋ ಅವರೇ ಇವರು. ಊರಿನ ಹೆಸರು ಚಡೋತ. ಅದು ಕ್ರೋರೈನ ರಾಜ್ಯಕ್ಕೆ ಸೇರಿದುದು. ಅಲ್ಲಿನ ಅಧಿಕಾರಿಗೆ ಚೋಝ್ಬೋ ಎಂದು ಪದವಿ. ಒಂಟೆಯ ತಕರಾರು, ದ್ರಾಕ್ಷಿತೋಟದ ಕ್ರಯ, ಮದ್ಯದ ಕಂದಾಯದ ಬಾಕಿ, ಸುಪಿಗಳೆಂಬ ಬೆಟ್ಟದ ಜನರ ದಾಳಿಯ ಭಯ, ಇವೇ ಅರಸನ ಅಪ್ಪಣೆಗಳ ವಿಷಯ. ದತ್ತು ಕೊಟ್ಟ ಮಗುವಿಗೆ ಹಾಲಿನ ಬೆಲೆಯನ್ನು ತೆರಬೇಕಾಗಿದ್ದಿತು. ಉಪೋಸಥಕ್ಕೆ ಬಾರದ ಭಿಕ್ಷುವಿಗೆ ರೇಷ್ಮೆಯ ದಂಡ. ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಮರಗಳ ಕಟ್ಟಳೆ: ಜೀವವಿರುವ ಮರವನ್ನು ಬುಡಕ್ಕೆ ಕಡಿದವನು ಒಂದು ಕುದುರೆಯನ್ನೂ, ಕೊಂಬೆ ಕಡಿದವನು ಒಂದು ಹಸುವನ್ನೂ ದಂಡವಾಗಿ ಕೊಡಬೇಕು. ಮರಳಿನ ಅಂಚಿನಲ್ಲಿ ಬಾಳಿದವರಿಗೆ ಒಂದು ಮರದ ಬೆಲೆ ಎಷ್ಟೆಂಬುದು ಗೊತ್ತಿದ್ದಿತು.

ಭೀಮ, ನಂದಸೇನ ಎಂಬ ಹೆಸರುಗಳನ್ನು ಕಂಡು, ಊರಿಗೆ ಊರೇ ಭಾರತೀಯರದೆಂದು ಹೇಳಿಬಿಡುವ ಉತ್ಸಾಹ ಯಾರಿಗಾದರೂ ಬರಬಹುದು. ತಕ್ಷಶಿಲೆಯವರು ಖೋತಾನಿಗೆ ವಲಸೆ ಹೋದರೆಂಬ ಐತಿಹ್ಯವೂ ಉಂಟು. ನಾವು ಅಷ್ಟು ದೂರ ಹೋಗಲಾರೆವು. ಭಾರತೀಯವಲ್ಲದ ಹೆಸರುಗಳೂ ಆ ಹಲಗೆಗಳಲ್ಲಿ ಬಹಳವಾಗಿವೆ. ಮೈಸೂರು ಸಂಸ್ಥಾನದ ಕಛೇರಿಗಳಲ್ಲಿಯೂ ಒಂದು ಕಾಲಕ್ಕೆ ಪಾರಸಿ ನಡೆಯಿತು, ಮರಾಠಿ ನಡೆಯಿತು. ಅದರಿಂದ ನಮ್ಮ ರೈತನು ಪಾರಸಿಕನಾಗಲಿಲ್ಲ.

1906ರ ಅಕ್ಟೋಬರಿನಲ್ಲಿ ಸ್ಟೈನರು ಎರಡನೆಯ ಸಲ ಅಲ್ಲಿಗೆ ಹೋದರು. ಆಗ ನಡೆದ ಒಂದು ಸಂಗತಿಗಾಗಿಯೇ ನಾವು ಈ ವಿಷಯವನ್ನು ಆರಿಸಿಕೊಂಡುದೆಂದರೂ ಸಲ್ಲುವುದು. ದೊಡ್ಡ ಮನೆಯೊಂದರ ಕೋಣೆಯಲ್ಲಿ ಹಲಗೆಗಳನ್ನು ತೆಗೆಯುತ್ತಿದ್ದಾಗ ಗೋಡೆಯ ಹತ್ತಿರ ದೊಡ್ಡ ಮಣ್ಣಿನ ಹೆಂಟೆಯೊಂದು ಕಣ್ಣಿಗೆ ಬಿದ್ದಿತು. ಅದನ್ನು ಕದಲಿಸಬೇಡಿರೆಂದು ಸ್ಟೈನರು ಹೇಳಿದರಾದರೂ, ಅದು ಅಲ್ಲಿಗೆ ಆಕಸ್ಮಿಕವಾಗಿ ಬಂದುದಲ್ಲವೆಂದು ಅವರಿಗೆ ಹೊಳೆದಿರಲಿಲ್ಲ. ಅವರ ಹಳೆಯ ಆಳು ರುಸ್ತುಂ ಹೆಂಟೆಗೂ ಗೋಡೆಗೂ ನಡುವೆ ಒಂದು ಹಲಗೆಯನ್ನು ತೆಗೆದವನೇ, ಬರಿಗೈಯಿಂದ ನೆಲವನ್ನು ಬಗೆಯತೊಡಗಿದನು. ನೆಲದಡಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟ ಕಟ್ಟು! ಮೂವತ್ತಕ್ಕೆ ಮಿಕ್ಕ ಹಲಗೆಗಳು. ಬಹುಪಾಲು ದಾರ ಕತ್ತರಿಸಿಲ್ಲ, ಮುದ್ರೆ ಒಡೆದಿಲ್ಲ. ವ್ಯಾಜ್ಯ ಬಂದಾಗ ನ್ಯಾಯಾಧಿಕಾರಿಯ ಎದುರಿನಲ್ಲಿ ಬಿಚ್ಚಬೇಕಾದ ಕ್ರಯಪತ್ರ, ಕರಾರುಗಳಾದುದರಿಂದ ಮನೆಯೊಡೆಯನು ಅವನ್ನು ಹಾಗೆಯೇ ಕಾಪಾಡಿದ್ದನು. ಹೆಂಟೆ ಅವನ ಗುರುತು. ಅವಸರದಲ್ಲಿ ಊರು ಬಿಡಬೇಕಾಗಿ ಬಂದಾಗ, ಹಿಂದಿರುಗಿ ಬಂದು ಸುಲಭವಾಗಿ ತೆಗೆದುಕೊಳ್ಳಬಹುದೆಂದು ಅವನು ಅದನ್ನು ಅಲ್ಲಿ ಇಟ್ಟುಹೋದನೆಂದು ಸ್ಟೈನರು ಊಹಿಸಿದರು. ಈ ಊಹೆ ನಮಗೆ ಒಪ್ಪಿಗೆಯಾಗಿದೆ. ಇನ್ನು ಬರುವುದಿಲ್ಲವೆಂದು ಹೊರಟವನು ಜಮೀನಿನ ಪತ್ರಗಳಿಗೆ ಗುರುತು ಇಡುವುದಿಲ್ಲ.

ಹಾಗಾದರೆ ಅವನು ಏಕೆ ಬರಲಿಲ್ಲ? ಹೊಳೆ ಬತ್ತಿತೆಂದು ಕೆಲವರು, ಹವೆಯೇ ಒಣಗಿತೆಂದು 1905ರಲ್ಲಿ ಅಲ್ಲಿಗೆ ಹೋಗಿದ್ದ ಅಮೆರಿಕದ ಹಂಟಿಂಗ್‌ಟನ್, ಸುಪಿಗಳ ದಾಳಿಯೆಂದು ಮತ್ತೆ ಕೆಲವರು ಹೇಳುತ್ತಾರೆ. ನೀರು ಮೆಲ್ಲಮೆಲ್ಲನೆ ಕಡಮೆಯಾಗುವ ಊರನ್ನು ಒಕ್ಕಲುಗಳು ಒಂದೊಂದಾಗಿ, ಗಂಟು ಮೂಟೆ ಕಟ್ಟಿಕೊಂಡು ಬಿಡುತ್ತವೆ, ಪತ್ರಗಳನ್ನು ಹೂಳುವುದಿಲ್ಲ. ಆದುದರಿಂದ ಹೊರಡುವಂತೆ ಮಾಡಿದುದು ಕತ್ತಿಯ ಭಯ, ಹಿಂದಿರುಗದಂತೆ ಮಾಡಿದುದು ನೀರಿನ ಅಭಾವ ಎಂದು ನಮಗೆ ತೋರುತ್ತದೆ. ಕಾಲುವೆಯ ನೀರಿನಿಂದಲೇ ಬದುಕುವ ಊರಿನಲ್ಲಿ ಕೆಲವು ವರ್ಷ ಕಾಲುವೆ ತೋಡುವ ಕೈಗಳಿಲ್ಲದಿದ್ದರೆ ಮರಳು ಕಾಯುತ್ತ ಕೂಡುವುದಿಲ್ಲ. ಇದು ನಮ್ಮ ಅಭಿಪ್ರಾಯ ಮಾತ್ರ.

ಆ ಎರಡನೆಯ ಯಾತ್ರೆಯಲ್ಲಿ ಸ್ಟೈನರ ಜೊತೆಗಿದ್ದ ನಾಯಕ್ ರಾಮ್‌ಸಿಂಗ್ ಎಂಬ ಸಿಖ್ ಸೈನಿಕನು ಅಗೆತದಲ್ಲಿಯೂ ಛಾಯಾಚಿತ್ರ ತೆಗೆಯುವುದರಲ್ಲಿಯೂ ಬಲಗೈಯಾಗಿದ್ದನು. 1908ರಲ್ಲಿ ಮೀರಾನ್ ಎಂಬಲ್ಲಿ ಕೆಲಸದಲ್ಲಿರುವಾಗಲೇ ಕಣ್ಣಿನ ಒತ್ತಡದ ಬೇನೆ ಬಂದು ಅವನ ಎರಡು ಕಣ್ಣುಗಳೂ ಹೋದವು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳನ್ನು ನೋಡುವವರು ಈತನನ್ನೂ ನೆನೆಯಬೇಕು.

1913ರ ಕೊನೆಯಲ್ಲಿ ಮೂರನೆಯ ಭೇಟಿ ನಡೆಯಿತು. 1931ರ ಜನವರಿಯಲ್ಲಿ, 68ನೆಯ ವಯಸ್ಸಿನಲ್ಲಿ, ಸ್ಟೈನರು ನಾಲ್ಕನೆಯ ಸಲ ನೀಯಾಕ್ಕೆ ಬಂದಾಗ ಕಾಲ ಬದಲಾಗಿದ್ದಿತು. ತಮ್ಮ ನಾಡಿನ ಪ್ರಾಚೀನ ವಸ್ತುಗಳು ಲಂಡನ್ನಿಗೂ ದೆಹಲಿಗೂ ಸಾಗಿಹೋದುದನ್ನು ಕಂಡು ನೊಂದ ಚೀನೀ ವಿದ್ವಾಂಸರು ಈ ಯಾತ್ರೆಯನ್ನು ವಿರೋಧಿಸಿದರು, ಅಧಿಕಾರಿಗಳ ಕಾವಲು ಜೊತೆಗೇ ಇದ್ದಿತು, ಅಗೆಯಲು ಅಪ್ಪಣೆಯಿರಲಿಲ್ಲ. ಆ ನೋವು ನ್ಯಾಯವಾದುದೆಂದೇ ನಾವು ಎಣಿಸುತ್ತೇವೆ. ಹಾಗೆಂದು ಇಬ್ರಾಹಿಮನ ಮಕ್ಕಳ ಕೈಯಲ್ಲಿ ಹಾಳಾದ ಹಲಗೆಗಳನ್ನು ಮರೆಯಲೂ ಆಗದು. ಕಾವಲಿನ ಕಣ್ಣು ತಪ್ಪಿಸಿ ಆಳುಗಳು ಆಯ್ದು ತಂದ ವಸ್ತುಗಳನ್ನು ಸ್ಟೈನರು ಕಾಷ್ಗರಿನಲ್ಲಿ ಬಿಟ್ಟುಬರಬೇಕಾಯಿತು. ಅವು ಮತ್ತೆ ಬೆಳಕಿಗೆ ಬರಲಿಲ್ಲ. ಉಳಿದುವು ಛಾಯಾಚಿತ್ರಗಳು ಮಾತ್ರ. ಆ ಚಿತ್ರಗಳಲ್ಲಿನ ಒಂದು ಮರದ ಪಟ್ಟಿಯ ಮೇಲೆ ಜಿಂಗ್‌ಜುಯೆ ಅರಸನ ಹೆಸರಿದೆ. ಚೀನೀ ಇತಿಹಾಸಗಳು ಹೇಳುವ ಆ ಪುಟ್ಟ ರಾಜ್ಯ ಇದೇ ಎಂಬುದಕ್ಕೆ ಅದು ಗಟ್ಟಿಯಾದ ಆಧಾರವಾಯಿತು. ಸ್ಟೈನರು 1943ರಲ್ಲಿ ಕಾಬೂಲಿನಲ್ಲಿ ತೀರಿಕೊಂಡರು.

ಅಗೆತ ಅಲ್ಲಿಗೆ ನಿಲ್ಲಲಿಲ್ಲ. 1988ರಿಂದ 1997ರ ವರೆಗೆ ಚೀನೀಯರೂ ಜಪಾನೀಯರೂ ಕೂಡಿ ನೀಯಾವನ್ನು ಶೋಧಿಸಿದರು. 1995ರಲ್ಲಿ ತೆರೆದ ಸಮಾಧಿಗಳಲ್ಲಿ ಬಣ್ಣಗೆಡದ ರೇಷ್ಮೆಯ ಜರತಾರಿಯಂತಹ ನೇಯ್ಗೆಗಳು, ಅವುಗಳಲ್ಲಿ ನೇಯ್ದ ಚೀನೀ ಮಂಗಳವಾಕ್ಯಗಳು, ಒಂದೇ ಹೊದಿಕೆಯಡಿ ಮಲಗಿಸಿದ ಗಂಡಹೆಂಡಿರು ಕಂಡುಬಂದರು. ಇವರು ಊರು ತುಂಬಿದ್ದಾಗಲೇ ಸತ್ತವರು, ನೆರೆಹೊರೆಯವರ ಕೈಯಲ್ಲಿ ಮಣ್ಣಾದವರು. ಪತ್ರಗಳನ್ನು ಹೂಳಿಟ್ಟು, ಮೇಲೆ ಹೆಂಟೆಯಿಟ್ಟು ಹೋದವನು ಎಲ್ಲಿ ಮಣ್ಣಾದನೋ, ಆ ಸಮಾಧಿ ನೀಯಾದಲ್ಲಿಲ್ಲ.