ರಷ್ಯಾದ ಧರ್ಮಪೀಠ ಮತ್ತು ಪ್ರಭುತ್ವ

ಮಹಾ ಪೀಟರನನ್ನು ನೌಕಾಪಡೆ ಕಟ್ಟಿದ ದೊರೆಯೆಂದು ನೀವು ಓದಿದ್ದೀರಿ. ಧರ್ಮಪೀಠವನ್ನು ಸರಕಾರಿ ಇಲಾಖೆಯನ್ನಾಗಿ ಮಾಡಿದವನೂ ಅವನೇ.

1700ರಲ್ಲಿ ಆರ್ಥಡಾಕ್ಸ್ ಚರ್ಚಿನ ಪರಮಗುರು, ಅಂದರೆ ಪೇಟ್ರಿಯಾರ್ಕ್, ಆಡ್ರಿಯನ್ ತೀರಿಕೊಂಡಾಗ ಪೀಟರನು ಆ ಪೀಠವನ್ನು ಬರಿದಾಗಿಯೇ ಇರಿಸಿದನು. 1721ರಲ್ಲಿ ಅದರ ಬದಲಿಗೆ ‘ಪವಿತ್ರ ಸಿನೊಡ್’ ಎಂಬ ಮಂಡಲಿಯನ್ನು ಸ್ಥಾಪಿಸಿ, ಮರುವರ್ಷ ಅದರ ಮೇಲ್ವಿಚಾರಣೆಗೆ ಪಾದ್ರಿಯಲ್ಲದ ಅಧಿಕಾರಿಯೊಬ್ಬನನ್ನು ನೇಮಿಸಿದನು. ಈ ವ್ಯವಸ್ಥೆ ಸುಮಾರು ಇನ್ನೂರು ವರ್ಷ ಬಾಳಿತು.

ಅರಸೊತ್ತಿಗೆ ಅಳಿದ 1917ರಲ್ಲಿಯೇ ಟೀಖನ್ ಪೇಟ್ರಿಯಾರ್ಕರಾದರು. ಆದರೆ ಮರುವರ್ಷವೇ ಬೋಲ್ಷೆವಿಕ್ ಸರಕಾರವು ಚರ್ಚನ್ನು ರಾಜ್ಯದಿಂದ ಬೇರ್ಪಡಿಸಿ, ಅದರ ಆಸ್ತಿಯ ಹಕ್ಕನ್ನೂ ಕಿತ್ತುಕೊಂಡಿತು. ಸ್ಟಾಲಿನ್ ಆಳ್ವಿಕೆಯಲ್ಲಿ, 1931ರಂದು, ಮಾಸ್ಕೋದ ರಕ್ಷಕ ಕ್ರಿಸ್ತನ ಮಹಾದೇವಾಲಯವನ್ನು ಸಿಡಿಮದ್ದಿಟ್ಟು ಕೆಡವಲಾಯಿತು. ಯುದ್ಧಕಾಲದಲ್ಲಿ ಜನರ ಶ್ರದ್ಧೆಯ ಬೆಂಬಲ ಬೇಕಾದಾಗ, 1943ರಲ್ಲಿ, ಅದೇ ಸ್ಟಾಲಿನ್ ಮೂವರು ಧರ್ಮಾಧ್ಯಕ್ಷರನ್ನು ಕರೆಸಿ ಹೊಸ ಪೇಟ್ರಿಯಾರ್ಕರ ಆಯ್ಕೆಗೆ ಒಪ್ಪಿಗೆ ಕೊಟ್ಟನು. ಜೊತೆಗೆ ಚರ್ಚಿನ ಮೇಲೆ ಕಣ್ಣಿಡಲು ಸರಕಾರಿ ಮಂಡಲಿಯೊಂದನ್ನೂ ರಚಿಸಿದನು.

ಪೀಟರನು ಆಸ್ತಿಕ, ಸ್ಟಾಲಿನ್ ನಾಸ್ತಿಕ. ಲಗಾಮು ಮಾತ್ರ ಒಂದೇ. ಕೆಡವಿದ ದೇವಾಲಯವು ಪುನರ್ನಿರ್ಮಾಣಗೊಂಡು 2000ದಲ್ಲಿ ಪ್ರತಿಷ್ಠೆಗೊಂಡಿತು. ಆದರೆ 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಪೇಟ್ರಿಯಾರ್ಕ್ ಕಿರಿಲ್ ಪ್ರಭುತ್ವದ ಬೆನ್ನಿಗೇ ನಿಂತರು. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸಬಹುದು; ಆಳುವವನೆದುರು ‘ಇದು ತಪ್ಪು’ ಎನ್ನುವ ಧೈರ್ಯವನ್ನು ಮರಳಿ ಪಡೆಯುವುದು ಅಷ್ಟು ಸುಲಭವಲ್ಲ.